ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ವಿಮಾನ: ಮೈಸೂರಿನಿಂದ ಹೊರಟವರ ಲೆಕ್ಕ

ಮಗಳ ಮನೆಗೆ ಹೋಗಲು ನಾನೂ ನನ್ನ ಪತ್ನಿಯೂ ಏರ್ ಇಂಡಿಯಾದ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ವಿಮಾನದಲ್ಲಿ ಪ್ರಯಾಣಿಸಿದೆವು. 2021ರ ಜನವರಿಯಲ್ಲಿ ಆರಂಭವಾದ ಈ ಮಾರ್ಗದ ಮೊದಲ ಹಾರಾಟ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟಿತ್ತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರೊಂದಿಗೆ ಕಾಕ್‌ಪಿಟ್‌ನಲ್ಲಿದ್ದವರೆಲ್ಲರೂ ಮಹಿಳೆಯರೇ. ಅಂಥ ಮಾರ್ಗದಲ್ಲಿ ನಾವೂ ಹೋಗುತ್ತಿದ್ದೇವೆಂಬ ಹೆಮ್ಮೆ ನನಗಿತ್ತು.

ಎರಡೂ ನಿಲ್ದಾಣಗಳ ನಡುವಿನ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಗೋಡೆಯ ನಕಾಶೆಯಲ್ಲಿ ಗೆರೆ ಎಳೆದರೆ ಪೆಸಿಫಿಕ್ ಸಾಗರದ ಮೇಲೆ ನೇರವಾಗಿ ಪೂರ್ವಕ್ಕೆ ಹೋಗಬೇಕೆನಿಸುತ್ತದೆ. ಮೊಮ್ಮಗನ ಗೋಳದ ಮೇಲೆ ಹೊಲಿಗೆಯ ದಾರವೊಂದನ್ನು ಬಿಗಿಯಾಗಿ ಹಿಡಿದು ನೋಡಿದಾಗಲೇ ನಿಜ ತಿಳಿದದ್ದು: ದಾರವು ಸೈಬೀರಿಯಾದ ಮೇಲೆ ಹಾದು ಸುಮಾರು 70 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ ಇಳಿಯಿತು. ಆದರೆ ವಿಮಾನವು ಸದಾ ದಾರದ ಜಾಡಿನಲ್ಲೇ ಹಾರುವುದಿಲ್ಲ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ಬೀಸುವುದರಿಂದ, ಅಮೆರಿಕಕ್ಕೆ ಹೋಗುವಾಗ ದಾರಿ ತುಸು ಬಳಸಾದರೂ ಪೆಸಿಫಿಕ್ ಮೇಲಿನ ಗಾಳಿಯ ನೆರವು ಪಡೆಯುವುದೇ ಲಾಭ. ಆದ್ದರಿಂದಲೇ ಆರಂಭದ ವೇಳಾಪಟ್ಟಿಯಲ್ಲಿ ಹೋಗಲು ಸುಮಾರು 16 ಗಂಟೆ, ಮರಳಲು ಹದಿನೇಳೂಮುಕ್ಕಾಲು ಗಂಟೆ ಇತ್ತು.

ನಮ್ಮಂಥವರ ಪ್ರಯಾಣ ರನ್‌ವೇಯಲ್ಲಿ ಆರಂಭವಾಗುವುದಿಲ್ಲ. ಮೈಸೂರಿನಿಂದ ಫ್ಲೈಬಸ್ಸಿನಲ್ಲಿ ದೇವನಹಳ್ಳಿ ತಲುಪಲು ನಾಲ್ಕು ಗಂಟೆಗೂ ಮೇಲಾಯಿತು. ಮೂರು ಗಂಟೆ ಮುಂಚಿತವಾಗಿ ಅಲ್ಲಿರಬೇಕು. ಇಳಿದ ಮೇಲೆ ಇಮಿಗ್ರೇಷನ್ ಸಾಲು, ಲಗೇಜ್, ಮಗಳ ಮನೆಯವರೆಗಿನ ಕಾರು. ಎಲ್ಲ ಸೇರಿಸಿದರೆ ಮನೆಬಾಗಿಲಿಂದ ಮನೆಬಾಗಿಲಿಗೆ 26 ಗಂಟೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹಿಂದಿರುವುದರಿಂದ, ಮಧ್ಯಾಹ್ನ ವಿಮಾನ ಹತ್ತಿದವರು ಅದೇ ದಿನಾಂಕದ ಸಂಜೆ ಇಳಿದೆವು. ರಕ್ತದೊತ್ತಡದ ಮಾತ್ರೆಯನ್ನು ಯಾವ ಊರಿನ ಬೆಳಗಿಗೆ ನುಂಗಬೇಕೆಂದು ಪತ್ನಿ ಡಬ್ಬಿ ಹಿಡಿದು ಕೇಳಿದಾಗ, ಹೊರಡುವ ಮೊದಲೇ ವೈದ್ಯರನ್ನು ಕೇಳಿ ಚೀಟಿಯಲ್ಲಿ ಬರೆದುಕೊಂಡಿದ್ದದ್ದು ನೆರವಿಗೆ ಬಂತು.

ಇದಕ್ಕೂ ಹಿಂದಿನ ಸಲ ಬೇರೊಂದು ಸಂಸ್ಥೆಯ ವಿಮಾನದಲ್ಲಿ ನಡುವೆ ಇಳಿದು ಹತ್ತಿದ್ದೆವು. ಕಾಯ್ದಿರಿಸಿದ್ದ ಗಾಲಿಕುರ್ಚಿ ಬರಲೇ ಇಲ್ಲ. ಮಂಡಿನೋವಿನ ಪತ್ನಿ ಒಂದು ಟರ್ಮಿನಲ್ಲಿನಿಂದ ಇನ್ನೊಂದಕ್ಕೆ ನಡೆದೇ ಬರಬೇಕಾಯಿತು. ನೇರ ವಿಮಾನದಲ್ಲಿ ಸತತ ಹದಿನಾರು ಗಂಟೆ ಕೂರುವುದು ಕಾಲಿಗೆ ಸುಲಭವಲ್ಲ, ಆಗಾಗ ಎದ್ದು ಓಡಾಡಲೇಬೇಕು. ಹಾಗಿದ್ದರೂ ಭಾಷೆ ಬಾರದ ನಿಲ್ದಾಣದಲ್ಲಿ ಗೇಟು ಹುಡುಕುವ ಆತಂಕಕ್ಕಿಂತ ಇದು ನಮಗೆ ಎಷ್ಟೋ ಹಿತವೆನಿಸಿತು.

ವಯಸ್ಸಾದ ತಂದೆ–ತಾಯಿಯನ್ನು ಕರೆಸಿಕೊಳ್ಳುವ ಮಕ್ಕಳು, ಟಿಕೆಟ್ ದರ ಸ್ವಲ್ಪ ಹೆಚ್ಚಿದ್ದರೂ, ನೇರ ವಿಮಾನವನ್ನೇ ಮೊದಲು ವಿಚಾರಿಸಲಿ. ಇಂಥ ದೂರದ ಸೇವೆಗಳು ನಿಲ್ಲುವುದೂ ಬದಲಾಗುವುದೂ ಉಂಟು. ತಮ್ಮ ದಿನಾಂಕಕ್ಕೆ ಅದು ಇದೆಯೇ ಎಂಬುದನ್ನು ಖಚಿತಪಡಿಸಿಕೊಂಡೇ ಹಣ ಕಟ್ಟಲಿ.