ಕೊನೆಯ ಸಂಚಿಕೆಯ ಮರುದಿನ ಮೊದಲ ಸಂಚಿಕೆ

ಅಮ್ಮ ನಾಲ್ಕೂವರೆ ವರ್ಷ ಬಿಡದೆ ನೋಡಿದ ಧಾರಾವಾಹಿಯೊಂದು ಜೂನ್ ತಿಂಗಳಲ್ಲಿ ಮುಗಿಯಿತು. ಅದರ ಹೆಸರು ಇಲ್ಲಿ ಬೇಡ. ಸಂಜೆ ಏಳೂವರೆಗೆ ಒಲೆ ಆರಿಸಿ ಕುರ್ಚಿಗೆ ಬಂದು ಕೂರುತ್ತಿದ್ದ ಅಮ್ಮ, ಮನೆಯ ಮದುವೆ ಮುಂಜಿಗಳಲ್ಲಿದ್ದರೂ ಮರುದಿನ ಮೊಬೈಲಿನಲ್ಲಿ ಹಾಕಿಸಿಕೊಂಡು ನೋಡುತ್ತಿದ್ದರು. ಕೊನೆಯ ವಾರದಲ್ಲಿ ಕಥೆ ಓಟ ಕಿತ್ತಿತು. ಎರಡು ವರ್ಷದಿಂದ ವಿಷ ಕಾರುತ್ತಿದ್ದ ನಾದಿನಿ ಐದು ನಿಮಿಷದಲ್ಲಿ ಅತ್ತಿಗೆಯ ಕಾಲು ಹಿಡಿದಳು, ಕಳೆದುಹೋಗಿದ್ದ ಮಗ ಬಾಗಿಲಲ್ಲಿ ನಿಂತಿದ್ದ, ಎಲ್ಲರೂ ಸಾಲಾಗಿ ನಿಂತು ಕ್ಯಾಮೆರಾಕ್ಕೆ ಕೈ ಮುಗಿದರು. ಅಮ್ಮ ಟಿ.ವಿ. ಆರಿಸಿ, "ಇಷ್ಟಕ್ಕೆ ನನ್ನನ್ನು ಇಷ್ಟು ದಿನ ಕೂರಿಸಿದರಾ?" ಎಂದರು. ಆ ದನಿಯಲ್ಲಿ ಕೋಪಕ್ಕಿಂತ ಅವಮಾನ ಹೆಚ್ಚಿತ್ತು.

ನನಗೆ ಆ ಅವಮಾನ ಚೆನ್ನಾಗಿ ಗೊತ್ತು. 2019ರ ಮೇ 20, ಸೋಮವಾರ. ಸಿಂಹಾಸನಕ್ಕಾಗಿ ಮನೆತನಗಳು ಕಾದಾಡುವ 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯ ಕೊನೆಯ ಸಂಚಿಕೆ ಅಮೆರಿಕದಲ್ಲಿ ಭಾನುವಾರ ರಾತ್ರಿ ಒಂಬತ್ತಕ್ಕೆ ಪ್ರಸಾರವಾದರೆ ನಮಗಿಲ್ಲಿ ಸೋಮವಾರ ಬೆಳಗ್ಗೆ ಆರೂವರೆ. ಬಿ.ಟಿ.ಎಂ. ಲೇಔಟಿನ ಗೆಳತಿಯ ಮನೆಯಲ್ಲಿ ನಾಲ್ವರು ಸೇರಿದ್ದೆವು. ಇಡ್ಲಿ ಕಟ್ಟಿಸಿಕೊಂಡು ಹೋಗಿದ್ದೆ. ಎಂಟು ಗಂಟೆಯ ಹೊತ್ತಿಗೆ ಎಲ್ಲ ಮುಗಿದಾಗ ಇಡ್ಲಿ ಹಾಗೆಯೇ ಉಳಿದಿತ್ತು. ಹೊರವರ್ತುಲ ರಸ್ತೆಯ ಬಸ್ಸಿನಲ್ಲಿ ಕಚೇರಿಗೆ ಹೋಗುವಾಗ ನಾವು ಮಾತೇ ಆಡಲಿಲ್ಲ.

ಅದಕ್ಕೇ ಈ ಮಳೆಗಾಲದಲ್ಲಿ ಹನುಮಂತನಗರದ ನಮ್ಮ ಮನೆಯಲ್ಲಿ ಒಂದು ಪ್ರಯೋಗ ಮಾಡಿದೆವು. ನಾನು, ಅಮ್ಮ, ಬಿ.ಕಾಂ. ಓದುತ್ತಿರುವ ಅಣ್ಣನ ಮಗಳು. ಶನಿವಾರ ರಾತ್ರಿ ಒಂದು ಧಾರಾವಾಹಿಯ ಕೊನೆಯ ಸಂಚಿಕೆ, ಭಾನುವಾರ ರಾತ್ರಿ ಅದರದೇ ಮೊದಲ ಸಂಚಿಕೆ. ಐದು ವಾರ, ಐದು ಧಾರಾವಾಹಿ. ಅಮ್ಮನಿಗೆ ನಡುವಿನ ಕಥೆಯನ್ನು ನಾವು ಊಟದ ಹೊತ್ತಿನಲ್ಲಿ ಹೇಳುತ್ತಿದ್ದೆವು. ಈ ಕ್ರಮ ಹೊಳೆದದ್ದು ಕಾಲೇಜಿನಲ್ಲಿ ಓದಿದ ರನ್ನನಿಂದ. ಹತ್ತನೆಯ ಶತಮಾನದ ಆ ಕವಿ ಮಹಾಭಾರತವನ್ನೆಲ್ಲ ಅದರ ಕೊನೆಯ ಗದಾಯುದ್ಧದ ತುದಿಯಲ್ಲಿ ನಿಂತು ಹೇಳಿದ. ನಡೆದು ಬಂದ ದಾರಿಯನ್ನು ಸಿಂಹ ಕತ್ತು ಹೊರಳಿಸಿ ನೋಡುವಂತೆ ನೋಡುವ ಸಿಂಹಾವಲೋಕನ. ಒಳ್ಳೆಯ ಕೊನೆ ಎಂದರೆ ಅಲ್ಲಿ ನಿಂತು ಹಿಂದಿರುಗಿ ನೋಡಿದಾಗ ದಾರಿ ಇನ್ನಷ್ಟು ಸ್ಪಷ್ಟವಾಗಬೇಕು ಎಂಬುದು ನನ್ನ ಊಹೆಯಾಗಿತ್ತು. ಎರಡನೆಯ ವಾರವೇ ಆ ಊಹೆ ಸಾಲದು ಎಂದು ತಿಳಿಯಿತು.

ಇನ್ನು ಮುಂದೆ ಐದೂ ಕಥೆಗಳ ಕೊನೆಯನ್ನು ಬಿಚ್ಚಿ ಹೇಳಲಿದ್ದೇನೆ. ನೋಡಬೇಕೆಂದಿರುವವರು ಇಲ್ಲೇ ನಿಲ್ಲಬಹುದು.

ಮೊದಲು 'ಬ್ರೇಕಿಂಗ್ ಬ್ಯಾಡ್'. 2008ರಿಂದ 2013ರವರೆಗೆ 62 ಸಂಚಿಕೆ. ವಾಲ್ಟರ್ ವೈಟ್ ಎಂಬ ರಸಾಯನಶಾಸ್ತ್ರದ ಮೇಷ್ಟರಿಗೆ ಶ್ವಾಸಕೋಶದ ಕ್ಯಾನ್ಸರ್. ಸಾಯುವ ಮೊದಲು ಸಂಸಾರಕ್ಕೆ ಹಣ ಮಾಡಿಡಬೇಕೆಂದು ಮಾದಕವಸ್ತು ತಯಾರಿಸಲು ಇಳಿಯುತ್ತಾನೆ. ಕೊನೆಯ ಸಂಚಿಕೆಯಲ್ಲಿ ಹೆಂಡತಿ ಸ್ಕೈಲರ್‌ಳ ಅಡುಗೆಮನೆಯಲ್ಲಿ ನಿಂತಿದ್ದಾನೆ. ಇದೆಲ್ಲ ಸಂಸಾರಕ್ಕಾಗಿ ಎಂದು ಇವನು ಮತ್ತೊಮ್ಮೆ ಹೇಳುತ್ತಾನೆಂದು ಅವಳು ಮೊದಲೇ ಸಿಡಿಯುತ್ತಾಳೆ. ಅವನು, ಇಲ್ಲ, ನನಗಾಗಿಯೇ ಮಾಡಿದೆ, ನನಗೆ ಅದು ಇಷ್ಟವಿತ್ತು, ಅದರಲ್ಲಿ ನಾನು ನಿಪುಣನಾಗಿದ್ದೆ ಎನ್ನುತ್ತಾನೆ. ಮರುದಿನ ಮೊದಲ ಸಂಚಿಕೆ ಹಾಕಿದೆವು. ಮರುಭೂಮಿಯಲ್ಲಿ ಒಳಉಡುಪಿನಲ್ಲಿ ನಿಂತ ಅದೇ ಮನುಷ್ಯ ಪುಟ್ಟ ಕ್ಯಾಮೆರಾದ ಮುಂದೆ ಹೆಂಡತಿ ಮಗನಿಗೆ ಹೇಳುತ್ತಿದ್ದಾನೆ: ನೋಡುವುದಕ್ಕೆ ಹೇಗೇ ಕಾಣಲಿ, ನನ್ನ ಮನಸ್ಸಿನಲ್ಲಿದ್ದವರು ನೀವು ಮಾತ್ರ. ಅಮ್ಮ ಥಟ್ಟನೆ, "ಸುಳ್ಳು ಇಲ್ಲಿಂದಲೇ ಶುರುವಾಗಿದೆಯಲ್ಲ!" ಎಂದರು. ಅವರು ನೋಡಿದ್ದು ಎರಡೇ ಸಂಚಿಕೆ. ನಡುವಿನ ಅರವತ್ತನ್ನು ಕಾಣದವರಿಗೂ ಆ ಎರಡು ಮಾತು ಒಂದಕ್ಕೊಂದು ಸವಾಲು ಮತ್ತು ಜವಾಬು ಎಂದು ಕೇಳಿಸಿತು.

ಇದಕ್ಕೆ ಆಕ್ಷೇಪಗಳಿವೆ, ನನ್ನವೂ ಇವೆ. ಎಲ್ಲವೂ ಅವನು ಹಾಕಿದ ಲೆಕ್ಕದಂತೆಯೇ ನಡೆಯುತ್ತದೆ. ಕಾರಿನ ಡಿಕ್ಕಿಯಲ್ಲಿಟ್ಟ ಯಂತ್ರಬಂದೂಕು ಒಂದೇ ಸುತ್ತಿಗೆ ವೈರಿಗಳ ಗುಂಪನ್ನು ಬಹುಮಟ್ಟಿಗೆ ಕೆಡವುತ್ತದೆ. ಆ ಬಂದೂಕನ್ನು ಐದನೆಯ ಸೀಸನ್ನಿನ ಮೊದಲ ದೃಶ್ಯದಲ್ಲಿ ತೋರಿಸುವಾಗ ಅದು ಯಾರ ಮೇಲೆಂದು ಬರೆಯುವವರಿಗೇ ಗೊತ್ತಿರಲಿಲ್ಲ ಎಂದು ನಿರ್ಮಾತೃ ವಿನ್ಸ್ ಗಿಲಿಗನ್ ಹೇಳಿಕೊಂಡಿದ್ದಾರೆ. ಕಥೆಯನ್ನು ಬಂದೂಕಿನವರೆಗೆ ಎಳೆದು ತಂದಿರುವುದು ಸ್ವಲ್ಪ ಕಾಣುತ್ತದೆ ಕೂಡ. ಆದರೂ ನನಗೆ ತೃಪ್ತಿ ಕೊಟ್ಟದ್ದು ಬಂದೂಕಲ್ಲ, ಅಡುಗೆಮನೆ. ಎಷ್ಟೋ ಗಂಟೆ ತನಗೆ ತಾನೇ ಸುಳ್ಳು ಹೇಳಿಕೊಂಡವನು ಒಂದೇ ಒಂದು ಸಲ ನಿಜ ಹೇಳಿದ.

ಎರಡನೆಯ ವಾರ ಅಣ್ಣನ ಮಗಳ ಸರದಿ. ಲಾಕ್‌ಡೌನ್ ಕಾಲದಲ್ಲಿ ಅವಳು ಎರಡು ಸಲ ನೋಡಿದ 'ಹೌ ಐ ಮೆಟ್ ಯುವರ್ ಮದರ್'. ತಂದೆಯೊಬ್ಬ ಮಕ್ಕಳನ್ನು ಸೋಫಾದ ಮೇಲೆ ಕೂರಿಸಿ, ಅವರ ತಾಯಿಯನ್ನು ತಾನು ಭೇಟಿಯಾದದ್ದು ಹೇಗೆಂದು ಒಂಬತ್ತು ಸೀಸನ್, 208 ಸಂಚಿಕೆ ಹೇಳುತ್ತಾನೆ. ಮೊದಲ ಸಂಚಿಕೆಯಲ್ಲಿ ಟೆಡ್ ಎಂಬ ಆ ತಂದೆ ರಾಬಿನ್ ಎಂಬವಳಿಗಾಗಿ ಹೋಟೆಲಿನಿಂದ ನೀಲಿ ಕಹಳೆಯೊಂದನ್ನು ಕದ್ದು ತರುತ್ತಾನೆ. 2014ರ ಮಾರ್ಚ್ 31ರಂದು ಬಂದ ಕೊನೆಯ ಸಂಚಿಕೆಯ ಕೊನೆಯ ಚಿತ್ರ ಯಾವುದು? ರಾಬಿನ್‌ಳ ಕಿಟಕಿಯ ಕೆಳಗೆ ನೀಲಿ ಕಹಳೆ ಹಿಡಿದು ನಿಂತ ಟೆಡ್. ಮೊದಲಿಗೂ ಕೊನೆಗೂ ಇದಕ್ಕಿಂತ ಅಚ್ಚುಕಟ್ಟಾದ ಹೊಂದಿಕೆ ಈ ಐದರಲ್ಲಿ ಇನ್ನೊಂದಿಲ್ಲ. ಆದರೆ ನಮ್ಮ ನಡುಮನೆಯಲ್ಲಿ ಅತ್ಯಂತ ಕಹಿ ಮೌನ ಕವಿದದ್ದೂ ಅಂದೇ.

ಕಾರಣ ಇಷ್ಟು. ಮಕ್ಕಳ ಪಾತ್ರದವರು ಬೆಳೆದುಬಿಡುತ್ತಾರೆಂದು ಕೊನೆಯ ದೃಶ್ಯದಲ್ಲಿ ಅವರು ಆಡುವ ಮಾತನ್ನು ಎರಡನೆಯ ಸೀಸನ್ನಿನ ಹೊತ್ತಿಗೇ ಚಿತ್ರೀಕರಿಸಿ ಇಟ್ಟಿದ್ದರು. ತಾಯಿ ತೀರಿಹೋಗಿದ್ದಾಳೆ, ಅಪ್ಪ ರಾಬಿನ್ ಬಳಿಗೆ ಹೋಗಲಿ ಎಂಬುದು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಕೊನೆ. ಅಷ್ಟರಲ್ಲಿ ಕಥೆ ಬೇರೆ ಕಡೆ ಬೆಳೆಯಿತು. ರಾಬಿನ್ ಮತ್ತು ಟೆಡ್‌ನ ಗೆಳೆಯ ಬಾರ್ನಿಯ ಮದುವೆಯ ವಾರಾಂತ್ಯಕ್ಕೆಂದೇ ಬಹುಮಟ್ಟಿಗೆ ಇಡೀ ಒಂಬತ್ತನೆಯ ಸೀಸನ್ ಮೀಸಲಾಯಿತು. ಕೊನೆಯ ಸಂಚಿಕೆ ಆ ಮದುವೆಯನ್ನು ಕೆಲವೇ ನಿಮಿಷಗಳಲ್ಲಿ ಮುರಿಯುತ್ತದೆ. ನಾವು ಅಷ್ಟು ವರ್ಷ ಕಾದ, ಬಂದ ಕೂಡಲೇ ಪ್ರೀತಿಸಿದ ತಾಯಿಯ ಸಾವನ್ನು ಒಂದೆರಡು ವಾಕ್ಯಗಳಲ್ಲಿ ದಾಟುತ್ತದೆ. "ಅತ್ತೆ, ಆ ತಾಯಿಯನ್ನು ಮಕ್ಕಳು ಹೆರುವುದಕ್ಕಷ್ಟೇ ಕರೆಸಿದ ಹಾಗಿದೆ," ಎಂದಳು ಅಣ್ಣನ ಮಗಳು. ಆ ಮಾತು ನನಗೆ ಎಷ್ಟೋ ದಿನ ಚುಚ್ಚುತ್ತಿತ್ತು. ಇಲ್ಲಿಗೆ ನನ್ನ ಊಹೆ ತಿದ್ದಿಕೊಂಡಿತು. ಕೊನೆ ಮೊದಲಿಗೆ ಹೊಂದಿದರೆ ಸಾಲದು, ನಡುವೆ ನಡೆದದ್ದನ್ನೂ ಅದು ನಂಬಬೇಕು. ಬರೆಯುವವರು ಅಂದುಕೊಂಡಿದ್ದ ಕಥೆಯಲ್ಲಿ ಅಲ್ಲ, ನಾವು ನಿಜವಾಗಿ ನೋಡಿದ ಕಥೆಯಲ್ಲಿ ಅದು ಮುಗಿಯಬೇಕು.

'ಗೇಮ್ ಆಫ್ ಥ್ರೋನ್ಸ್' ಮೂರನೆಯದು. ಅದರ ನೋವು ಹಳೆಯದಾದ್ದರಿಂದ ಈ ಸಲ ಸಮಾಧಾನದಿಂದ ನೋಡಿದೆ. ಏನಾಯಿತು ಎಂಬುದರ ಬಗ್ಗೆ ನನಗೀಗ ಅಷ್ಟು ಜಗಳವಿಲ್ಲ. ಮೊದಲ ಸಂಚಿಕೆಯಲ್ಲಿ ಗೋಪುರದಿಂದ ತಳ್ಳಿಸಿಕೊಂಡ ಹುಡುಗ ಬ್ರಾನ್ ಕೊನೆಯಲ್ಲಿ ರಾಜನಾಗುವುದು, ಹಿಮದ ಗೋಡೆಯಾಚೆಯ ಕಾಡಿನಿಂದ ತೊಡಗಿದ ಕಥೆ ಬ್ರಾನ್‌ನ ಜೊತೆ ಬೆಳೆದ ಜಾನ್ ಸ್ನೋ ಅದೇ ಕಾಡಿಗೆ ನಡೆಯುವುದರಲ್ಲಿ ಮುಗಿಯುವುದು, ಸಿಂಹಾಸನಕ್ಕಾಗಿ ಬಂದ ರಾಣಿ ಡೆನೇರಿಸ್ ತನ್ನ ಡ್ರ್ಯಾಗನ್ನಿನ ಬೆಂಕಿಯಿಂದ ಊರನ್ನೇ ಸುಡುವುದು, ಎಲ್ಲಕ್ಕೂ ಬೀಜಗಳು ಮೊದಲೇ ಬಿದ್ದಿದ್ದವು. ಇಲ್ಲದ್ದು ಕಾಲ. ಮೊದಲ ಆರು ಸೀಸನ್ನುಗಳಿಗೆ ಹತ್ತು ಹತ್ತು ಸಂಚಿಕೆಗಳಿದ್ದರೆ ಏಳನೆಯದಕ್ಕೆ ಏಳು, ಎಂಟನೆಯದಕ್ಕೆ ಆರು. ಹಿಂದೆಲ್ಲ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವುದೇ ಒಂದು ಕಥೆಯಾಗಿತ್ತು. ದಾರಿಯಲ್ಲಿ ಮಾತು, ಹಸಿವು, ದ್ರೋಹ ಎಲ್ಲ ಇರುತ್ತಿತ್ತು. ಶರಣಾಗತಿಯ ಗಂಟೆ ಮೊಳಗಿದ ಮೇಲೂ ಡೆನೇರಿಸ್ ಬೆಂಕಿ ಸುರಿಸುವ ನಿರ್ಧಾರ ಒಂದು ಮುಖಭಾವದಲ್ಲಿ ಮುಗಿಯಿತು. ಗುಲಾಮರ ಸಂಕೋಲೆ ಕಳಚಿದ ಹೆಣ್ಣು ಅಲ್ಲಿಗೆ ಬಂದು ನಿಲ್ಲುವುದಕ್ಕೆ ಇನ್ನೊಂದು ಸೀಸನ್ ಆದರೂ ಬೇಕಿತ್ತು.

ಭಾನುವಾರ ಮೊದಲ ಸಂಚಿಕೆ ಹಾಕಿದಾಗ ಆದ ನಷ್ಟ ಇದಕ್ಕಿಂತ ದೊಡ್ಡದು. ಆರಂಭದ ಹಿಮಕಾಡಿನ ದೃಶ್ಯಕ್ಕೆ 2011ರಲ್ಲಿ ನಾನು ದಿಂಬು ತಬ್ಬಿ ಕೂತಿದ್ದೆ. ಈಗ ಭಯವೇ ಬರಲಿಲ್ಲ. ಆ ಹಿಮಪಿಶಾಚಿಗಳೆಲ್ಲ ಕೊನೆಯ ಸೀಸನ್ನಿನ ಮೂರನೆಯ ಸಂಚಿಕೆಯ ಒಂದೇ ರಾತ್ರಿಯಲ್ಲಿ, ಒಂದೇ ಕಠಾರಿಗೆ ಪುಡಿಯಾಗುತ್ತಾರೆಂದು ಗೊತ್ತಿತ್ತಲ್ಲ. ಕೆಟ್ಟ ಕೊನೆ ತನ್ನನ್ನು ಮಾತ್ರ ಕೆಡಿಸಿಕೊಳ್ಳುವುದಿಲ್ಲ, ಮೊದಲನ್ನೂ ಕಸಿದುಕೊಳ್ಳುತ್ತದೆ. ಆ ಸೀಸನ್ನನ್ನು ಮತ್ತೆ ತೆಗೆಯಬೇಕೆಂದು ಹತ್ತು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದ್ದರು. ಅಂಥ ಬೇಡಿಕೆ ನನಗೆ ಸರಿ ಕಾಣುವುದಿಲ್ಲ, ಕೃತಿ ಮಾಡಿದವರದು. ಆದರೆ ಅವರ ಸಂಕಟ ಸುಳ್ಳಲ್ಲ.

ನಾಲ್ಕನೆಯ ವಾರ 'ದಿ ಸೋಪ್ರಾನೋಸ್', 1999ರಿಂದ 2007. ಕೊನೆಯ ದೃಶ್ಯದಲ್ಲಿ ನ್ಯೂಜೆರ್ಸಿಯ ಮಾಫಿಯಾ ನಾಯಕ ಟೋನಿ ಹೆಂಡತಿ ಮಕ್ಕಳಿಗಾಗಿ ಹೋಟೆಲಿನಲ್ಲಿ ಕಾಯುತ್ತಿದ್ದಾನೆ. ಬಾಗಿಲ ಗಂಟೆ ಕೇಳಿದಾಗಲೆಲ್ಲ ತಲೆ ಎತ್ತುತ್ತಾನೆ. ಮತ್ತೊಮ್ಮೆ ತಲೆ ಎತ್ತಿದ್ದೇ ತಡ, ಪರದೆ ಕಪ್ಪಾಗುತ್ತದೆ. ಶಬ್ದವೂ ಇಲ್ಲ. ಹೊರಗೆ ಮಳೆ ಸುರಿಯುತ್ತಿದ್ದುದರಿಂದ ಅಮ್ಮ, "ಕರೆಂಟು ಹೋಯಿತು," ಎಂದು ಎದ್ದು ಮೇಣದಬತ್ತಿ ತರಲು ಹೊರಟರು. ಫ್ಯಾನು ತಿರುಗುತ್ತಿರುವುದನ್ನು ಕಂಡು ನಿಂತರು. ಅಂದು ಅಮೆರಿಕದಲ್ಲಿಯೂ ಎಷ್ಟೋ ಮಂದಿ ಕೇಬಲ್ ಕೈಕೊಟ್ಟಿತೆಂದು ತಿಳಿದರಂತೆ.

ಟೋನಿ ಸತ್ತನೋ ಬದುಕಿದನೋ ಎಂಬ ವಾದ ಇನ್ನೂ ಮುಗಿದಿಲ್ಲ. ನನಗೆ ಆ ಪ್ರಶ್ನೆಗಿಂತ ಮೊದಲ ಸಂಚಿಕೆ ಮುಖ್ಯವಾಯಿತು. ಅಲ್ಲಿ ಅವನು ಮನೋವೈದ್ಯೆಯ ಮುಂದೆ ಕೂತು, ನಾನು ಎಲ್ಲ ಮುಗಿಯುವ ಹೊತ್ತಿಗೆ ಬಂದವನು, ಒಳ್ಳೆಯ ಕಾಲ ಕಳೆದುಹೋಯಿತು ಎನ್ನುತ್ತಾನೆ. ಈಜುಕೊಳಕ್ಕೆ ಬಂದಿದ್ದ ಬಾತುಕೋಳಿಗಳು ಹಾರಿಹೋದವೆಂದು ಅಳುತ್ತಾನೆ, ತನ್ನ ಸಂಸಾರವೂ ಹಾಗೆ ಹೋಗಿಬಿಟ್ಟೀತೆಂಬ ಹೆದರಿಕೆ. ಕೊನೆಯ ಮೇಜಿನಲ್ಲಿ ಮಗ ನೆನಪಿಸುತ್ತಾನೆ: ಒಳ್ಳೆಯ ಗಳಿಗೆಗಳನ್ನು ನೆನಪಿಡಿ ಎಂದು ನೀನೇ ಒಮ್ಮೆ ಹೇಳಿದ್ದೆಯಲ್ಲ. ಅಪ್ಪನಿಗೆ ಆ ಮಾತೇ ನೆನಪಿಲ್ಲ. ಮೊದಲ ಸಲ ನೋಡಿದಾಗ ನನಗೆ ಮೋಸವೆನಿಸಿತ್ತು. ಈಗ ಹಾಗಿಲ್ಲ. ಅಣ್ಣನ ಮಗಳು ಮಾತ್ರ ಒಪ್ಪಲಿಲ್ಲ. ಹೇಳಬೇಕಾದ್ದನ್ನು ಹೇಳದೆ ಎದ್ದುಹೋಗುವುದು ಧೈರ್ಯವಲ್ಲ ಎಂಬುದು ಅವಳ ವಾದ. ಅಮ್ಮನೂ ಅವಳ ಕಡೆಯೇ. ಈ ಮನೆಯಲ್ಲಿ ನನ್ನದು ಒಂದೇ ಮತ.

ಐದನೆಯದು 'ಸಿಕ್ಸ್ ಫೀಟ್ ಅಂಡರ್'. ಲಾಸ್ ಏಂಜಲೀಸ್‌ನಲ್ಲಿ ಶವಸಂಸ್ಕಾರದ ವ್ಯವಹಾರ ನಡೆಸುವ ಫಿಷರ್ ಕುಟುಂಬದ ಕಥೆ, 63 ಸಂಚಿಕೆ. ಪ್ರತಿ ಸಂಚಿಕೆಯೂ ಒಂದು ಸಾವಿನಿಂದ ಆರಂಭವಾಗುತ್ತದೆ, ಬಿಳಿ ಪರದೆಯ ಮೇಲೆ ಸತ್ತವರ ಹೆಸರು, ಹುಟ್ಟಿದ ಮತ್ತು ಸತ್ತ ವರ್ಷ. 2005ರ ಆಗಸ್ಟ್ 21ರ ಕೊನೆಯ ಸಂಚಿಕೆ ಮಾತ್ರ ಒಂದು ಹೆರಿಗೆಯಿಂದ ತೊಡಗುತ್ತದೆ. ಕಿರಿಯ ಮಗಳು ಕ್ಲೇರ್ ಮನೆ ಬಿಟ್ಟು ಕಾರಿನಲ್ಲಿ ಹೊರಡುತ್ತಾಳೆ. ರಸ್ತೆ ಉದ್ದವಾಗುತ್ತಿರುವಂತೆ ಮುಂದಿನ ಎಂಬತ್ತು ವರ್ಷ ನಮ್ಮ ಕಣ್ಣ ಮುಂದೆ ಹಾದುಹೋಗುತ್ತದೆ. ನಾವು ಬಲ್ಲ ಒಬ್ಬೊಬ್ಬರೂ ಹೇಗೆ ಸಾಯುತ್ತಾರೆ, ಯಾರ ಕೈ ಹಿಡಿದು, ಯಾವ ವರ್ಷ. ಮಾತೇ ಇಲ್ಲ, ಒಂದು ಹಾಡು ಮಾತ್ರ. ತಾಯಿ ರೂತ್ ತೀರಿಕೊಳ್ಳುವುದು 2025ರಲ್ಲಿ. ಇದನ್ನು ಬರೆದಾಗ ಅದು ದೂರದ ಭವಿಷ್ಯ, ಈಗ ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಬಂದ ವರ್ಷ. ಕ್ಲೇರ್ ತಾನೇ ಹೋಗುವುದು 2085ರಲ್ಲಿ, ಹಾಸಿಗೆಯಲ್ಲಿ, ಹಣ್ಣು ಮುದುಕಿಯಾಗಿ.

ಇಲ್ಲಿ ಮತ್ತೆ ರನ್ನ ನೆನಪಾದ. ಅವನ ದುರ್ಯೋಧನ ಸರೋವರಕ್ಕೆ ಹೋಗುವ ಮುನ್ನ ಸಂಜಯನೊಡನೆ ರಣಭೂಮಿಯಲ್ಲಿ ನಡೆಯುತ್ತಾನೆ. ದ್ರೋಣ, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ ಒಬ್ಬೊಬ್ಬರ ಶವದ ಮುಂದೆಯೂ ನಿಲ್ಲುತ್ತಾನೆ, ವೈರಿಯ ಮಗ ಅಭಿಮನ್ಯುವಿನ ಮುಂದೆಯೂ ನಿಂತು ಕೈಮುಗಿಯುತ್ತಾನೆ. ಯಾರನ್ನೂ ಬಿಟ್ಟು ಮುಂದೆ ಹೋಗುವುದಿಲ್ಲ. ಫಿಷರ್ ಮನೆಯ ಕೊನೆಯ ಕೆಲವು ನಿಮಿಷಗಳು ಮಾಡುವುದೂ ಅದನ್ನೇ. ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತದೆ. ಅಮ್ಮನ ಧಾರಾವಾಹಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೈಮುಗಿಸಿತ್ತು, ಆದರೆ ಯಾರ ಮುಂದೆಯೂ ನಿಲ್ಲಲಿಲ್ಲ. ಈ ಐದರಲ್ಲಿ ನನ್ನ ಆಯ್ಕೆ ಇದೇ. 'ಬ್ರೇಕಿಂಗ್ ಬ್ಯಾಡ್' ಕೂದಲೆಳೆಯಷ್ಟು ಹಿಂದೆ. ಸತ್ಯದ ಒಂದು ಮಾತಿಗೆ ಅದು, ಎಲ್ಲರಿಗೂ ಸಂದ ಮರ್ಯಾದೆಗೆ ಇದು.

ಅಮ್ಮ ಆ ರಾತ್ರಿ ಏನೂ ಹೇಳಲಿಲ್ಲ. ಸೆರಗಿನಿಂದ ಕಣ್ಣೊರಸಿಕೊಂಡು, ಹಾಲಿಗೆ ಹೆಪ್ಪು ಹಾಕಲು ಹೋದರು. ಅಪ್ಪ ಹೋಗಿ ಈಗ ಆರು ವರ್ಷ.

ಮರುದಿನ ಊಟ ಬೇಗ ಮುಗಿಸಿ ಮೊದಲ ಸಂಚಿಕೆ ಹಾಕಿದೆವು. ಕ್ರಿಸ್‌ಮಸ್‌ನ ಹಿಂದಿನ ದಿನ, ತಂದೆ ಹೊಸ ಶವವಾಹನ ಓಡಿಸಿಕೊಂಡು ಬರುತ್ತಿದ್ದಾನೆ, ಬಸ್ಸು ಬಂದು ಗುದ್ದುತ್ತದೆ, ಮನೆಯಲ್ಲಿ ರೂತ್ ಅಡುಗೆ ಮಾಡುತ್ತಿದ್ದಾಳೆ, ಫೋನು ಬರುತ್ತದೆ. ಅವಳು ಹೇಗೆ ಸಾಯುತ್ತಾಳೆ, ಮಗಳು ಹೇಗೆ ಸಾಯುತ್ತಾಳೆ ಎಲ್ಲ ನಮಗೆ ಗೊತ್ತಿತ್ತು. ಸಂಚಿಕೆ ಮುಗಿದಾಗ ಹತ್ತೂವರೆ ದಾಟಿತ್ತು. ಅಮ್ಮನಿಗೆ ಬೆಳಗ್ಗೆ ಐದಕ್ಕೆ ಎದ್ದು ಅಭ್ಯಾಸ. ಟಿ.ವಿ. ಆರಿಸಲು ನಾನು ಕೈ ಚಾಚಿದೆ.

"ಇರು," ಎಂದರು ಅಮ್ಮ. "ಮುಂದಿನದನ್ನೂ ಹಾಕು."