ಸ್ಟುಡಿಯೋದ ನ್ಯಾಸ್ ಸರಿ ಮಾಡಿಕೊಟ್ಟ ಸರ್ವಿಸ್

ದಾವಣಗೆರೆಯಲ್ಲಿ ನಮ್ಮದು ಮದುವೆ ಫೋಟೋ, ವಿಡಿಯೋ ಸ್ಟುಡಿಯೋ. ಎಡಿಟಿಂಗ್‌ಗೆ ನಾಲ್ಕು ಕಂಪ್ಯೂಟರ್, ಫೈಲ್ ಎಲ್ಲ ಒಂದೇ ನ್ಯಾಸ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರೂ ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್ ಪೆಟ್ಟಿಗೆಯಲ್ಲಿ. ಸರಿಯಾಗಿ ಮದುವೆ ಸೀಸನ್ನಿನಲ್ಲೇ ಅದು ಕೈಕೊಟ್ಟಿತು. ಒಂದು ಕಂಪ್ಯೂಟರಿನಲ್ಲಿ ಕಾಪಿ ಸೆಕೆಂಡಿಗೆ 11 ಎಂಬಿ ದಾಟುತ್ತಿರಲಿಲ್ಲ. ಇನ್ನೊಂದರಲ್ಲಿ ನ್ಯಾಸ್ ಸಿಗುತ್ತಿತ್ತು, ಆದರೆ ದೊಡ್ಡ ಫೈಲ್ ಕಾಪಿಗೆ ಹಾಕಿದರೆ ಅಲ್ಲೇ ನಿಂತುಬಿಡುತ್ತಿತ್ತು. ಧಾರೆ ವಿಡಿಯೋ ಯಾವಾಗ ಕೊಡ್ತೀರಿ ಅಂತ ಮದುಮಗಳ ತಂದೆ ದಿನಾ ಫೋನ್ ಮಾಡುತ್ತಿದ್ದರು.

ಮೊದಲು ಬಂದವರೊಬ್ಬರು ಹತ್ತು ನಿಮಿಷ ನೋಡಿ, ಡಿಸ್ಕ್ ಎಲ್ಲ ಬದಲಿಸಿ ಅಂದರು. ಒಪ್ಪಲು ಮನಸ್ಸಾಗಲಿಲ್ಲ. ಪರಿಚಯದವರು ಹೇಳಿದರು ಅಂತ ಈ ಸರ್ವಿಸ್‌ನವರನ್ನು ಕರೆಸಿದೆ.

ಬಂದ ಹುಡುಗ ಡಿಸ್ಕ್ ಮುಟ್ಟಲೇ ಇಲ್ಲ. ಮೊದಲು ಐಪರ್ಫ್ ಓಡಿಸಿದ. ಅದು ಡಿಸ್ಕಿನ ಗೊಡವೆಗೆ ಹೋಗದೆ ಬರೀ ನೆಟ್‌ವರ್ಕ್ ವೇಗ ಅಳೆಯುತ್ತದೆ. ಬಂದಿದ್ದು 94 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 94 ಮೆಗಾಬಿಟ್; ಫೈಲ್ ಲೆಕ್ಕದಲ್ಲಿ ಅದೇ ಸುಮಾರು 11 ಎಂಬಿ. "ಅಕ್ಕಾ, ತೊಂದರೆ ದಾರಿಯಲ್ಲೇ ಇದೆ" ಅಂದ. ಕೇಬಲ್ ಎಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ ತೋರಿಸಿದ. ಬೇರೆ ಪೋರ್ಟ್‌ಗಳಲ್ಲಿ ಹಸಿರು ದೀಪ, ನಿಧಾನದ ಕಂಪ್ಯೂಟರಿನದರಲ್ಲಿ ಮಾತ್ರ ಹಳದಿ. ಇಷ್ಟು ದಿನ ಕಣ್ಣೆದುರೇ ಇತ್ತು, ಅಲ್ವಾ! ಕೇಬಲ್ ಹಿಡಿದು ಹೋದರೆ ಬೀರುವಿನ ಕಾಲಡಿ ಸಿಕ್ಕಿ ಚಪ್ಪಟೆಯಾಗಿತ್ತು. ಟೆಸ್ಟರ್‌ಗೆ ಹಾಕಿದಾಗ ಏಳನೇ ದೀಪ ಹತ್ತಲಿಲ್ಲ, ಅಂದರೆ ಒಳಗಿನ ಏಳನೇ ಎಳೆ ಕೆಲಸ ಮಾಡುತ್ತಿರಲಿಲ್ಲ. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ ಎಂಟೂ ಎಳೆ ಬೇಕು, 100 ಎಂಬಿಪಿಎಸ್‌ಗೆ ನಾಲ್ಕೇ ಸಾಕು. ಅದಕ್ಕೇ ಕನೆಕ್ಷನ್ ಪೂರ್ತಿ ಹೋಗದೆ ಕುಂಟುತ್ತಿತ್ತು. ಹೊಸ ಕ್ಯಾಟ್ 6 ಕೇಬಲ್ ಎಳೆದು ಮತ್ತೆ ಅಳೆದ. 940 ಎಂಬಿಪಿಎಸ್ ಬಂತು. ಕಾಪಿ 110 ಎಂಬಿಗೆ ಏರಿತು.

ಇನ್ನೊಂದು ಕಂಪ್ಯೂಟರಿನ ಕಥೆಯೇ ಬೇರೆ. ವೇಗ ಜಾಸ್ತಿ ಆಗಲಿ ಅಂತ ಯಾರೋ ನ್ಯಾಸ್‌ನಲ್ಲೂ ಅದರಲ್ಲೂ ಎಂಟಿಯು, ಅಂದರೆ ಒಂದು ಸಲಕ್ಕೆ ಕಳಿಸುವ ಪ್ಯಾಕೆಟ್ಟಿನ ಗರಿಷ್ಠ ಗಾತ್ರ, 9000 ಬೈಟ್ ಮಾಡಿದ್ದರು. ನಡುವಿನ ಹಳೇ ಸ್ವಿಚ್ ಅಷ್ಟು ದೊಡ್ಡ ಪ್ಯಾಕೆಟ್ ಬಿಡುತ್ತಿರಲಿಲ್ಲ. ಸಣ್ಣವು ದಾಟುತ್ತಿದ್ದವು, ದೊಡ್ಡವು ಬಿದ್ದುಹೋಗುತ್ತಿದ್ದವು. ಅಷ್ಟೇ ದೊಡ್ಡ ಪ್ಯಾಕೆಟ್ ಆಗುವಂತೆ 8972 ಬೈಟಿನ ಪಿಂಗ್ (ಉತ್ತರ ಬರುತ್ತದಾ ಅಂತ ನೋಡುವ ಪರೀಕ್ಷೆ) ಹಾಕಿ ತೋರಿಸಿದ, ಉತ್ತರವೇ ಇಲ್ಲ. ಎರಡೂ ಕಡೆ 1500ಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ಬೆಳಿಗ್ಗೆ ಬರ್ತೀನಿ ಅಂದವನು ಬಂದಿದ್ದು ಸಂಜೆ ನಾಲ್ಕಕ್ಕೆ. ಅದೊಂದು ಬೇಜಾರು. ಬಿಲ್ ಕೇಬಲ್ ಸೇರಿ 1,800 ರೂಪಾಯಿ. ಮುಖ್ಯವಾಗಿ, ಪ್ರತಿಯೊಂದನ್ನೂ ಅಳೆದು, ನನಗೆ ತೋರಿಸಿ, ಆಮೇಲೆ ಕೈ ಹಾಕಿದ. ಸುಮ್ನೆ ಸಾಮಾನು ಮಾರಲಿಲ್ಲ. ಹೋಗುವ ಮುಂಚೆ ಎಲ್ಲಾ ಕೇಬಲ್‌ಗಳ ಎರಡೂ ತುದಿಗೆ ನಂಬರ್ ಚೀಟಿ ಅಂಟಿಸಿದ. ಧಾರೆ ವಿಡಿಯೋ ಮರುದಿನವೇ ಕೊಟ್ಟೆವು.