ಕಾಲು ಟ್ಯಾಂಕ್ ಪೆಟ್ರೋಲಿಗೆ ಒಂದೂವರೆ ಬಾಟಲಿ ಕ್ಲೀನರ್: ನನ್ನ ಎಡವಟ್ಟು ನೀವು ಮಾಡಬೇಡಿ

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಕಾರು ಓಡಿಸುವವನು, ಜೊತೆಗೆ ವಿಡಿಯೋ ನೋಡಿ ಬಾನೆಟ್ ಎತ್ತುವ ಚಟ ಇರುವವನು. ಆ ಚಟವೇ ಈ ಕಥೆಗೆ ಮೂಲ.

ನನ್ನದು ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಕಾರು, ಸೆಕೆಂಡ್ ಹ್ಯಾಂಡ್. ನನ್ನ ಕೈಗೆ ಬರುವ ಮುಂಚೆ ಏಳೆಂಟು ತಿಂಗಳು ನಿಂತಲ್ಲೇ ನಿಂತಿತ್ತು. ಕೊಳ್ಳುವಾಗ ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತೊಂದರೆ ಇದ್ದದ್ದು ಇಷ್ಟೇ: ಸಿಗ್ನಲ್‌ನಲ್ಲಿ ನಿಂತಾಗ ಐಡಲ್ ಸಣ್ಣಗೆ ನಡುಗುತ್ತಿತ್ತು, ಆರ್‌ಪಿಎಂ ಮುಳ್ಳು 700ಕ್ಕೂ 900ಕ್ಕೂ ನಡುವೆ ತೂಗಾಡುತ್ತಿತ್ತು. ಓಡುವಾಗ ಏನೂ ಇಲ್ಲ, ಪಿಕಪ್ ಚೆನ್ನಾಗಿತ್ತು. ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ನಲ್ಲಿ ಕಾರ್ಬನ್ ಕಟ್ಟಿದೆ ಎಂದು ನಾನೇ ತೀರ್ಪು ಕೊಟ್ಟುಕೊಂಡು, ಅದನ್ನು ತೊಳೆಯಲೆಂದು ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಫ್ಯೂಯಲ್ ಸಿಸ್ಟಮ್ ಕ್ಲೀನರ್ ಎರಡು ಬಾಟಲಿ ತಂದೆ.

ಒಂದು ಬಾಟಲಿ 60 ಲೀಟರ್ ಪೆಟ್ರೋಲಿಗೆ ಎಂದು ಅದರ ಮೇಲೇ ಅಚ್ಚಾಗಿತ್ತು. ನನ್ನ ಟ್ಯಾಂಕಿನಲ್ಲಿ ಇದ್ದದ್ದು ಹತ್ತು ಲೀಟರ್ ಆಸುಪಾಸು. ಜಾಸ್ತಿ ಹಾಕಿದರೆ ಜಾಸ್ತಿ ತೊಳೆಯುತ್ತದೆ, ಅಲ್ಲವೇ? ಒಂದು ಪೂರ್ತಿ ಸುರಿದೆ, ಎರಡನೆಯದರಲ್ಲಿ ಅರ್ಧ ಸುರಿದೆ. ಈಗ ಲೆಕ್ಕ ಹಾಕಿದರೆ ಹೇಳಿದ್ದಕ್ಕಿಂತ ಒಂಬತ್ತು ಪಟ್ಟು.

ಎರಡು ದಿನ ಏನೂ ಆಗಲಿಲ್ಲ. ಗಾಡಿ ಮೆತ್ತಗಾಗಿದೆ ಅಂತಲೂ ಅನ್ನಿಸಿತು. (ದುಡ್ಡು ಕೊಟ್ಟು ತಂದ ಮೇಲೆ ಹಾಗೆ ಅನ್ನಿಸಲೇಬೇಕು.) ಮೂರನೇ ದಿನ ಏರು ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಗೊಗ್ಗರು ದನಿಯಲ್ಲಿ ನರಳಿತೇ ಹೊರತು ಎಳೆಯಲಿಲ್ಲ. ಎರಡನೇ ಗೇರಿಗೆ ಇಳಿಸಿದೆ, ಎರಡು ಸಲ ಜರ್ಕ್ ಹೊಡೆದು ಆಫ್ ಆಯಿತು. ಹಿಂದೆ ಲಾರಿ, ಎಡಕ್ಕೆ ಚರಂಡಿ. ಹೇಗೋ ಹ್ಯಾಂಡ್‌ಬ್ರೇಕ್ ಎಳೆದು, ಹಜಾರ್ಡ್ ಲೈಟ್ ಹಾಕಿ ಕೂತೆ. ವಿಚಿತ್ರವೆಂದರೆ ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗದವನ ಹಾಗೆ ಸ್ಟಾರ್ಟ್ ಆಯಿತು. ಇನ್ನೊಂದು ಎರಡು ಕಿಲೋಮೀಟರ್, ಮತ್ತೆ ಅದೇ ಕಥೆ.

ಗ್ಯಾರೇಜಿನ ಹುಡುಗ ಕೇಳಿದ ಮೊದಲ ಪ್ರಶ್ನೆ: "ಟ್ಯಾಂಕಿಗೆ ಏನಾದ್ರೂ ಹಾಕಿದ್ರಾ ಸಾರ್?" ಹಿಂದಿನ ಸೀಟು ಎತ್ತಿ, ಟ್ಯಾಂಕಿನೊಳಗಿಂದ ಪಂಪ್ ಹೊರಗೆ ತೆಗೆದ. ಅದರ ಬುಡದಲ್ಲಿ ಚಿಕ್ಕ ಮಗುವಿನ ಕಾಲುಚೀಲದಂಥ ಒಂದು ಬಲೆ ಇರುತ್ತದೆ, ಸ್ಟ್ರೈನರ್. ಬಿಳಿ ಇರಬೇಕಾದದ್ದು ಕಂದುಬಣ್ಣಕ್ಕೆ ತಿರುಗಿ, ಮೇಲೆಲ್ಲ ಅಂಟು ಮೆತ್ತಿಕೊಂಡಿತ್ತು. ಅವನು ಅದನ್ನು ಹೆಬ್ಬೆರಳಿನಿಂದ ಉಜ್ಜಿ ತೋರಿಸಿದ, ಹಳೆಯ ವಾರ್ನಿಷ್ ಥರ ಎಳೆ ಎಳೆಯಾಗಿ ಬಂತು. "ಇದು ತಳದಲ್ಲಿ ತೆಪ್ಪಗೆ ಕೂತಿತ್ತು ಸಾರ್. ನೀವು ಎಬ್ಬಿಸಿದಿರಿ."

ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಗಾಳಿಯ ಜೊತೆ ಸೇರಿ ಕೆಡುತ್ತದೆ, ಅಂಟಾಗಿ ತಳಕ್ಕೂ ಗೋಡೆಗೂ ಹಿಡಿಯುತ್ತದೆ. ಕ್ಲೀನರ್ ಅದನ್ನು ಬಿಡಿಸುತ್ತದೆ, ಸುಳ್ಳಲ್ಲ. ಬಿಟ್ಟದ್ದು ಎಲ್ಲಿಗೆ ಹೋಗಬೇಕು? ಪಂಪ್ ಎಳೆಯುವಾಗ ಎಲ್ಲವೂ ಬಂದು ಬಲೆಗೆ ಅಂಟಿಕೊಳ್ಳುತ್ತದೆ. ಗಾಡಿ ನಿಲ್ಲಿಸಿದರೆ ಎಳೆತ ನಿಂತು ಒಂದಿಷ್ಟು ಕಳಚಿ ಬೀಳುತ್ತದೆ, ಅದಕ್ಕೇ ಹತ್ತು ನಿಮಿಷ ಬಿಟ್ಟ ಮೇಲೆ ಓಡುತ್ತಿತ್ತು. ಪೆಟ್ರೋಲ್ ಸರಿಯಾಗಿ ಬಾರದೆ ಒದ್ದಾಡಿದ ಪಂಪ್ ಕೂಡ ಅಷ್ಟರಲ್ಲಿ ಕೊಯ್ ಎನ್ನಲು ಶುರು ಮಾಡಿತ್ತು. ಪಂಪಿನ ಮೋಟಾರಿಗೆ ತಂಪು ಕೊಡುವುದೂ ಅದೇ ಪೆಟ್ರೋಲ್. ಬದಲಿಸಬೇಕಾಯಿತು. ಟ್ಯಾಂಕ್ ಇಳಿಸಿ ತೊಳೆಸಿದ್ದು ಬೇರೆ.

ಆಮೇಲೆ ಹುಡುಗ ಡಿಪ್‌ಸ್ಟಿಕ್, ಅಂದರೆ ಎಂಜಿನ್ ಆಯಿಲ್ ನೋಡುವ ಕಡ್ಡಿ, ಎಳೆದು ಮೂಗಿನ ಹತ್ತಿರ ಹಿಡಿದ, ನನಗೂ ಹಿಡಿದ. ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ. ಈ ಕ್ಲೀನರ್‌ಗಳ ರಾಸಾಯನಿಕ ಸ್ವಲ್ಪ ಉರಿಯದೆ ಉಳಿದು, ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಚೇಂಜ್‌ಗೆ ಸ್ವಲ್ಪ ಮುಂಚೆ ಹಾಕಿ, ಆ ಟ್ಯಾಂಕ್ ಮುಗಿದ ಮೇಲೆ ಆಯಿಲ್ ಬದಲಿಸಿ ಎಂದು ತಿಳಿದವರು ಹೇಳುವುದು ಅದಕ್ಕೇ. ನಾನು ಹೊಸ ಆಯಿಲ್ ಹಾಕಿಸಿ ಎರಡು ವಾರವಾಗಿತ್ತು!

ನಿಜವಾದ ನಗೆಪಾಟಲು ಇನ್ನು ಮುಂದಿದೆ. ಹೊಸ ಪಂಪ್ ಕೂರಿಸಿ ಸ್ಟಾರ್ಟ್ ಮಾಡಿದರೆ ಆ ಹಳೆಯ ನಡುಕ ಹಾಗೇ ಇದೆ. ಅವನು ಬಾನೆಟ್ ಕೆಳಗೆ ಬಗ್ಗಿ ಸ್ವಲ್ಪ ಹೊತ್ತು ಕಿವಿಗೊಟ್ಟ. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿಗೆ ಹೋಗುವ ಒಂದು ರಬ್ಬರ್ ಪೈಪಿನ ಬುಡಕ್ಕೆ ಬೆರಳು ಒತ್ತಿದ. ಮುಳ್ಳು 800ಕ್ಕೆ ಬಂದು ಗಪ್ ಎಂದು ನಿಂತಿತು. ಬೆರಳು ತೆಗೆದ, ಮತ್ತೆ ತೂಗಾಟ. ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕು, ಅದರಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತಿತ್ತು. ಗೇಣುದ್ದದ ಪೈಪ್, ಎರಡು ಕ್ಲಿಪ್. ಇಂಜೆಕ್ಟರ್ ಬಿಚ್ಚಿ ನೋಡಿದ್ದೂ ಆಯಿತು, ನಾಲ್ಕೂ ಸರಿಯಾಗಿಯೇ ಸ್ಪ್ರೇ ಮಾಡುತ್ತಿದ್ದವು. ನಾನು ಸುರಿದ ಒಂದೂವರೆ ಬಾಟಲಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಕಾರಿನ ಕಂಪ್ಯೂಟರ್ ಗುರುತಿಸಿದ ದೋಷ ಓದುವ ಸ್ಕ್ಯಾನರ್ ಹಾಕಿದಾಗ ಬಂದ ಕೋಡ್ ಪಿ0171. ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಪೈಪ್ ಬಿರಿದರೂ ಅದೇ ಕೋಡ್ ಬರಬಹುದು, ಪಂಪ್ ಸೋತರೂ ಅದೇ, ಇಂಜೆಕ್ಟರ್ ಕಟ್ಟಿದರೂ ಅದೇ. ಆದ್ದರಿಂದ ಕೋಡ್ ನೋಡಿ ಬಾಟಲಿ ತರಬೇಡಿ. ಫ್ಯೂಯಲ್ ಪ್ರೆಶರ್ ಅಳೆಸಿ, ಗಾಳಿ ಸೋರಿಕೆ ನೋಡಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿಸಿ. ಬಾಟಲಿಯ ಯೋಚನೆ ಅದಾದ ಮೇಲೆ.

ಕ್ಲೀನರ್‌ಗಳೆಲ್ಲ ಮೋಸ ಎಂದು ನಾನು ಹೇಳುತ್ತಿಲ್ಲ. ಪಾಲಿಈಥರ್‌ಅಮೀನ್, ಚಿಕ್ಕದಾಗಿ ಪಿಇಎ, ಇರುವಂಥವು ಇಂಜೆಕ್ಟರಿನ ಕೊಳೆಯನ್ನು ನಿಜವಾಗಿ ತೆಗೆಯುತ್ತವೆ. ಆದರೆ ನಿಮ್ಮದು ಡೈರೆಕ್ಟ್ ಇಂಜೆಕ್ಷನ್ ಮಾತ್ರ ಇರುವ ಎಂಜಿನ್ ಆಗಿದ್ದರೆ ಸಿಲಿಂಡರಿಗೆ ಗಾಳಿ ಬಿಡುವ ಇಂಟೇಕ್ ವಾಲ್ವ್ ಮೇಲಿನ ಕಾರ್ಬನ್ ಟ್ಯಾಂಕಿಗೆ ಹಾಕಿದ ಯಾವುದರಿಂದಲೂ ಹೋಗುವುದಿಲ್ಲ. ಪೆಟ್ರೋಲ್ ನೇರ ಸಿಲಿಂಡರಿಗೇ ಬೀಳುವಾಗ ವಾಲ್ವ್ ಮೇಲೆ ಹರಿಯುವುದೇ ಇಲ್ಲವಲ್ಲ. ಅದನ್ನು ಬಿಚ್ಚಿಯೇ ತೆಗೆಯಬೇಕು, ವಾಲ್‌ನಟ್ ಚಿಪ್ಪಿನ ಪುಡಿ ಊದಿ ತೆಗೆಯುತ್ತಾರೆ.

ಆಕ್ಟೇನ್ (ಪೆಟ್ರೋಲ್ ಹೊತ್ತಿಗೆ ಮುಂಚೆ ತಾನಾಗಿ ಉರಿಯದಂತೆ ತಡೆಯುವ ಗುಣ) ಹೆಚ್ಚಿಸುವ ಬೂಸ್ಟರ್ ಕ್ಲೀನರ್ ಅಲ್ಲ, ಎರಡೂ ಒಂದೇ ಕಪಾಟಿನಲ್ಲಿ ಇರುತ್ತವೆ ಅಷ್ಟೇ. ಮ್ಯಾಂಗನೀಸ್ ಇರುವ ಬೂಸ್ಟರ್ ಹಾಕಿ ಓಡಿಸಿದ ಗೆಳೆಯನ ಬೈಕಿನ ಪ್ಲಗ್ ಇಟ್ಟಿಗೆ ಬಣ್ಣಕ್ಕೆ ತಿರುಗಿ ಮಿಸ್ ಹೊಡೆಯುತ್ತಿತ್ತು. ಡೀಸೆಲ್‌ನ ಸೀಟೇನ್ (ಬೇಗ ಹೊತ್ತಿಕೊಳ್ಳುವ ಗುಣ) ಹೆಚ್ಚಿಸುವ ಬಾಟಲಿ ಪೆಟ್ರೋಲಿಗೆ ಬಿದ್ದರೆ ಆಕ್ಟೇನ್ ಇಳಿದು ಎಂಜಿನ್ ಟಕಟಕ ಎಂದು ಬಡಿದುಕೊಳ್ಳುತ್ತದೆ (ನಾಕಿಂಗ್). ಥಿನ್ನರ್, ಅಸಿಟೋನ್ ಹಾಕಿ ಎನ್ನುವ ವಿಡಿಯೋಗಳು ಬಂದರೆ ನೋಡದೆ ದಾಟಿಬಿಡಿ; ಸೀಲ್, ಓ-ರಿಂಗ್‌ಗಳು ಊದಿಕೊಂಡು ಸೋರಲು ಶುರುವಾಗುತ್ತವೆ.

ಈಗಾಗಲೇ ನನ್ನ ಹಾಗೆ ಸುರಿದುಬಿಟ್ಟು ಇದನ್ನು ಓದುತ್ತಿದ್ದರೆ, ಇನ್ನೂ ಸ್ಟಾರ್ಟ್ ಮಾಡಿಲ್ಲವಾದರೆ ಮಾಡಬೇಡಿ. ಕ್ಯಾನ್‌ನಲ್ಲಿ ಪೆಟ್ರೋಲ್ ತಂದು ಅಳತೆಗೆ ಬರುವಷ್ಟು ತುಂಬಿಸಿ. ನನ್ನ ಹಾಗೆ ಟ್ಯಾಂಕ್ ತುಂಬಿದರೂ ಅಳತೆಗೆ ಬಾರದಷ್ಟು ಹಾಕಿದ್ದರೆ ಗ್ಯಾರೇಜಿನವರನ್ನು ಕರೆದು ಖಾಲಿ ಮಾಡಿಸಿ. ಗಾಡಿ ಬಹಳ ಕಾಲ ನಿಂತದ್ದಾದರೆ ಸ್ಟ್ರೈನರ್, ಫಿಲ್ಟರ್ ಎರಡನ್ನೂ ತೆಗೆದು ತೋರಿಸಲು ಹೇಳಿ. ಮತ್ತೆ ಗ್ಯಾರೇಜಿನಲ್ಲಿ ಏನು, ಎಷ್ಟು ಹಾಕಿದಿರಿ ಎನ್ನುವುದನ್ನು ಮುಚ್ಚಿಡಬೇಡಿ. ನಾನು "ಸ್ವಲ್ಪ ಹಾಕಿದ್ದೆ" ಎಂದೆ. ಹುಡುಗ ಡಿಕ್ಕಿ ತೆರೆದ, ಒಂದು ಖಾಲಿ ಬಾಟಲಿ, ಇನ್ನೊಂದು ಅರ್ಧ.